ಸಿಡಿಲು ಮತ್ತು ನಮ್ಮ ರಾಸುಗಳು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಾಧಿಕಾರಿಗಳು ನೀಡಿದ ಉಪನ್ಯಾಸದ ಪಠ್ಯ)



ಕೆಚ್ಚಲು ಬಾವು, ಕಾಲು ಬಾಯಿ ಜ್ವರ, ಹಸಿರು ಮೇವು, ಕೃತಕ ಗರ್ಭಧಾರಣೆ ಈ ವಿಷಯಗಳನ್ನು ಇಂತಹ ಶಿಬಿರಗಳಲ್ಲಿ ತಾವು ಹಲವು ಸಲ ಕೇಳಿದ್ದೀರಿ. ಇಂದು ನಾನು ಆರಿಸಿಕೊಂಡಿರುವ ವಿಷಯ ಹವಾಮಾನಕ್ಕೆ ಸೇರಿದ್ದು. ಪಶುವೈದ್ಯನಿಗೂ ಹವಾಮಾನಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ವಾರದವರೆಗೆ, ಸಂಜೆ ಹೊತ್ತು ಪಶುವೈದ್ಯನಿಗೆ ಬರುವ ಕರೆಗಳಲ್ಲಿ ಕೆಲವು ಚಿಕಿತ್ಸೆಗೆ ಬರುವ ಕರೆಗಳಲ್ಲ. ಮರಣೋತ್ತರ ಪರೀಕ್ಷೆಗೆ ಬನ್ನಿ ಎಂಬ ಕರೆಗಳು. ಸಿಡಿಲಿಗೆ ಔಷಧಿ ಇಲ್ಲ, ಲಸಿಕೆ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಒಂದು ಕ್ಷಣದಲ್ಲಿ ಹೋಗಿಬಿಡುತ್ತದೆ. ಸಾಲ ಮಾತ್ರ ಉಳಿಯುತ್ತದೆ.

ಮೊದಲು ಎರಡು ಘಟನೆಗಳನ್ನು ಹೇಳುತ್ತೇನೆ. 2016ರ ಆಗಸ್ಟ್ ತಿಂಗಳಲ್ಲಿ ನಾರ್ವೆ ದೇಶದ ಹಾರ್ಡಂಗರ್‌ವಿಡ್ಡಾ ಎಂಬ ಪ್ರಸ್ಥಭೂಮಿಯಲ್ಲಿ ಹಿಮಸಾರಂಗಗಳ ಒಂದು ಹಿಂಡು ಗುಡುಗು ಮಳೆಗೆ ಹೆದರಿ ಒತ್ತೊತ್ತಾಗಿ ನಿಂತಿತ್ತು. ಆ ಬಿರುಮಳೆಯಲ್ಲಿ ಬಡಿದ ಸಿಡಿಲಿಗೆ 323 ಪ್ರಾಣಿಗಳು ಅಲ್ಲಲ್ಲೇ ಸತ್ತು ಬಿದ್ದವು. 2021ರ ಮೇ ತಿಂಗಳಲ್ಲಿ ನಮ್ಮ ದೇಶದ ಅಸ್ಸಾಂ ರಾಜ್ಯದ ನಾಗಾಂವ್ ಜಿಲ್ಲೆಯ ಒಂದು ಗುಡ್ಡದಲ್ಲಿ 18 ಕಾಡಾನೆಗಳು ಸತ್ತು ಬಿದ್ದಿದ್ದವು. ಮರಣೋತ್ತರ ಪರೀಕ್ಷೆಯ ನಂತರ ಅಧಿಕಾರಿಗಳು ಸಿಡಿಲೇ ಕಾರಣವೆಂದು ತಿಳಿಸಿದರು. ಆನೆಯಂತಹ ಆನೆಯೇ ಹದಿನೆಂಟು! ಒಂದು ಸಿಡಿಲಿನ ಮಿಂಚು ಹೆಬ್ಬೆರಳಿನಷ್ಟು ದಪ್ಪದ ದಾರಿಯಲ್ಲಿ ಬರುತ್ತದೆ. ಅದು ಮುನ್ನೂರು ಪ್ರಾಣಿಗಳ ತಲೆಯ ಮೇಲೆ ಒಟ್ಟಿಗೆ ಬೀಳಲು ಸಾಧ್ಯವೇ? ಸಾಧ್ಯವಿಲ್ಲ. ಹಾಗಾದರೆ ಅಷ್ಟೂ ಸತ್ತದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ತಿಳಿದರೆ ನಮ್ಮ ಹಸುವನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಆದರೆ ಅದಕ್ಕೆ ಮೊದಲು ಸಿಡಿಲು ಎಂದರೇನು ಎಂಬುದನ್ನು ಮನುಷ್ಯ ಹೇಗೆ ಕಂಡುಕೊಂಡ ಎಂದು ಸ್ವಲ್ಪ ನೋಡೋಣ.

ನಮ್ಮ ಹಿರಿಯರು ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಈಗಲೂ ಹೇಳುವವರಿದ್ದಾರೆ. ಅದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ನನ್ನ ತಕರಾರಿಲ್ಲ, ಮನೆಯೊಳಗೆ ಕುಳಿತು ಹೇಳಿದರೆ ಸಾಕು. ಯೂರೋಪಿನವರದು ಇನ್ನೂ ಅಪಾಯದ ನಂಬಿಕೆಯಾಗಿತ್ತು. ಗುಡುಗು ಬಂದಾಗ ಚರ್ಚಿನ ಗೋಪುರದ ಗಂಟೆ ಬಾರಿಸಿದರೆ ಸಿಡಿಲು ದೂರ ಹೋಗುತ್ತದೆ ಎಂದು ನಂಬಿದ್ದರು. ಊರಿಗೆಲ್ಲ ಎತ್ತರವಾದ ಗೋಪುರ, ಅದರಲ್ಲಿ ನೆನೆದ ಹಗ್ಗ ಹಿಡಿದ ಮನುಷ್ಯ! 1784ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ಒಂದು ಪುಸ್ತಕದ ಲೆಕ್ಕದಂತೆ, ಮೂವತ್ತಮೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಗಂಟೆ ಬಾರಿಸುವವರು ಹೀಗೆ ಸತ್ತಿದ್ದರು.

ಸಿಡಿಲು ವಿದ್ಯುತ್ತೇ ಇರಬೇಕು, ಅದನ್ನು ಪರೀಕ್ಷಿಸಿ ನೋಡಬಹುದು ಎಂದು ದಾರಿ ತೋರಿಸಿದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಇವರು ಮುದ್ರಣಾಲಯ ನಡೆಸುತ್ತಿದ್ದವರು. ಎತ್ತರದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ತಾಗದಂತೆ ನಿಲ್ಲಿಸಿದರೆ ಮೋಡದ ವಿದ್ಯುತ್ತು ಅದರಲ್ಲಿ ಇಳಿದು ಕಿಡಿ ಕೊಡುತ್ತದೆ ಎಂದು 1750ರಲ್ಲಿ ಬರೆದರು. ಆದರೆ ಈ ಪರೀಕ್ಷೆ ಮೊದಲು ನಡೆದದ್ದು ಫ್ರಾನ್ಸಿನಲ್ಲಿ. ಪ್ಯಾರಿಸ್ ಬಳಿಯ ಮಾರ್ಲಿ ಎಂಬ ಹಳ್ಳಿಯಲ್ಲಿ ದಾಲಿಬಾರ್ ಎಂಬ ವಿದ್ವಾಂಸರು 40 ಅಡಿಯ ಸಲಾಕೆ ನೆಡಿಸಿದ್ದರು. 1752ರ ಮೇ 10ರಂದು ಮೋಡ ಗುಡುಗಿದಾಗ ದಾಲಿಬಾರ್ ಊರಲ್ಲಿರಲಿಲ್ಲ. ಕಾವಲಿಗಿದ್ದ ಕ್ವಾಫಿಯೆ ಎಂಬ ನಿವೃತ್ತ ಸಿಪಾಯಿಯೇ ಸಲಾಕೆಯಿಂದ ಮೊದಲ ಕಿಡಿ ಹೊರಡಿಸಿದ. ಹಳ್ಳಿಯ ಪಾದ್ರಿ ಆಲಿಕಲ್ಲಿನ ಮಳೆಯಲ್ಲೇ ಓಡಿ ಬಂದು ತಾವೂ ಕಿಡಿ ತೆಗೆದು ನೋಡಿದರು. ದೊಡ್ಡವರ ಹೆಸರಿನ ಜೊತೆ ಇಂತಹ ಸಾಮಾನ್ಯರ ಹೆಸರೂ ವಿಜ್ಞಾನದ ಚರಿತ್ರೆಯಲ್ಲಿ ಉಳಿದಿರುವುದು ನನಗೆ ಸಂತೋಷದ ವಿಷಯ. ಫ್ರಾಂಕ್ಲಿನ್ನರ ಪ್ರಸಿದ್ಧ ಗಾಳಿಪಟದ ಪ್ರಯೋಗ ಅದೇ ವರ್ಷದ್ದು. ಚಿತ್ರಗಳಲ್ಲಿ ಬರೆಯುವಂತೆ ಆ ಪಟಕ್ಕೆ ಸಿಡಿಲು ಬಡಿದಿರಲಿಲ್ಲ, ಬಡಿದಿದ್ದರೆ ಫ್ರಾಂಕ್ಲಿನ್ ಉಳಿಯುತ್ತಿರಲಿಲ್ಲ. ಮೋಡದ ವಿದ್ಯುತ್ತು ನೆನೆದ ದಾರದಲ್ಲಿ ಸ್ವಲ್ಪ ಇಳಿದಿತ್ತು, ಅಷ್ಟೆ. ಮುಂದಿನ ವರ್ಷ, 1753ರಲ್ಲಿ, ರಷ್ಯಾದ ಪೀಟರ್ಸ್‌ಬರ್ಗ್ ನಗರದಲ್ಲಿ ರಿಚ್‌ಮನ್ ಎಂಬ ಪ್ರಾಧ್ಯಾಪಕರು ಸಲಾಕೆಗೆ ದಾರದ ಮಾಪಕ ಜೋಡಿಸಿ ವಿದ್ಯುತ್ತಿನ ಪ್ರಮಾಣ ಅಳೆಯಲು ಬಗ್ಗಿ ನಿಂತಿದ್ದಾಗ ಸಿಡಿಲು ಬಡಿದು ಸ್ಥಳದಲ್ಲೇ ತೀರಿಕೊಂಡರು. ಹವಾಮಾನವನ್ನು ಅಳೆಯಲು ಹೋಗಿ ಪ್ರಾಣ ಕೊಟ್ಟವರು ಅವರು.

ಮೋಡದಲ್ಲಿ ವಿದ್ಯುತ್ತು ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೂ ಕೆಲಸ ನಡೆದಿದೆ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯಲ್ಲಿ ಸಿಂಪ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಸಿಮ್ಲಾದಲ್ಲಿದ್ದರು. ಅವರು 1908ರ ಸುಮಾರಿಗೆ ಗುಡುಗು ಮಳೆಯ ನೀರನ್ನು ಪಾತ್ರೆಯಲ್ಲಿ ಹಿಡಿದು ಅದರ ವಿದ್ಯುತ್ತನ್ನು ಅಳೆದರು. ಹೆಚ್ಚಿನ ಮಳೆಹನಿಗಳಲ್ಲಿ ಧನ ವಿದ್ಯುತ್ತು ಕಂಡಿತು. ಆದ್ದರಿಂದ ಮೋಡದ ಕೆಳಭಾಗ ಧನ ಎಂದರು. ಸ್ಕಾಟ್ಲೆಂಡಿನ ವಿಲ್ಸನ್ ಎಂಬುವರು ದೂರದಿಂದ ಗುಡುಗುಮೋಡಗಳನ್ನು ಅಳೆದು, ಇಲ್ಲ, ಮೇಲ್ಭಾಗ ಧನ, ಕೆಳಭಾಗ ಋಣ ಎಂದರು. ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಸಿಂಪ್ಸನ್ನರೇ ಇಂಗ್ಲೆಂಡಿನಲ್ಲಿ ಬಲೂನಿಗೆ ಒಂದು ಉಪಕರಣ ಕಟ್ಟಿ ಮೋಡದೊಳಗೆ ಬಿಟ್ಟರು. ರಾಸಾಯನಿಕ ಹಚ್ಚಿದ ಕಾಗದದ ಮೇಲೆ ವಿದ್ಯುತ್ತು ಗುರುತು ಮಾಡುವಂತಹ ಸರಳ ಸಾಧನ ಅದು. 1937ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೇಲೆ ಧನ, ನಡುವೆ ಋಣ, ತೀರ ಕೆಳಗೆ ಸ್ವಲ್ಪ ಜಾಗದಲ್ಲಿ ಮತ್ತೆ ಧನ. ಇಬ್ಬರ ಮಾತಿನಲ್ಲೂ ಸತ್ಯವಿತ್ತು! ಹಾಲು ಗಟ್ಟಿಯೋ ತೆಳುವೋ ಎಂದು ಕಣ್ಣಳತೆಯಲ್ಲಿ ಜಗಳವಾಡುವುದಕ್ಕಿಂತ ಲ್ಯಾಕ್ಟೋಮೀಟರ್ ಇಳಿಬಿಡುವುದೇ ಮೇಲೆಂದು ನಮ್ಮ ಸಂಘಗಳವರಿಗೆ ಹೇಳಬೇಕಾಗಿಲ್ಲ.

ಇಂದು ತಿಳಿದಿರುವಂತೆ, ಬಿಸಿಲಿಗೆ ಕಾದ ನೆಲದಿಂದ ತೇವದ ಗಾಳಿ ರಭಸದಿಂದ ಮೇಲೇರಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡವಾಗುತ್ತದೆ. ಅದರೊಳಗೆ ಸಣ್ಣ ಹಿಮದ ಹರಳುಗಳೂ ಮೆದು ಆಲಿಕಲ್ಲುಗಳೂ ಒಂದಕ್ಕೊಂದು ಉಜ್ಜಿ ಡಿಕ್ಕಿಯಾಗಿ ವಿದ್ಯುತ್ತು ಬೇರ್ಪಡುತ್ತದೆ. ನೆಲ ಚೆನ್ನಾಗಿ ಕಾಯುವುದು ಮಧ್ಯಾಹ್ನದ ನಂತರ. ಆದ್ದರಿಂದಲೇ ಮುಂಗಾರಿಗೆ ಮೊದಲಿನ ಸಿಡಿಲು ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ರಾತ್ರಿಯ ಒಳಗೆ ಬರುತ್ತದೆ. ದನ ಮೇವಿನಿಂದ ಹಿಂದಿರುಗುವ ಹೊತ್ತು, ಸಂಜೆಯ ಹಾಲು ಕರೆಯುವ ಹೊತ್ತು, ಕ್ಯಾನು ಹಿಡಿದು ಸಂಘಕ್ಕೆ ಹೋಗುವ ಹೊತ್ತೂ ಅದೇ ಎಂಬುದನ್ನು ಗಮನಿಸಿ. ಹಿಂಗಾರಿನ ಚಿತ್ತಾ, ಸ್ವಾತಿ ಮಳೆಗಳಲ್ಲೂ ಗುಡುಗು ಸಿಡಿಲು ಉಂಟು.

ಇನ್ನು ಸಿಡಿಲು ಇಳಿಯುವ ಬಗೆ. ಇದನ್ನು ಚಿತ್ರದಲ್ಲಿ ಹಿಡಿದವರು ದಕ್ಷಿಣ ಆಫ್ರಿಕಾದ ಶೋನ್‌ಲ್ಯಾಂಡ್ ಮತ್ತು ಸಂಗಡಿಗರು. ಬಾಯ್ಸ್ ಎಂಬುವರು ರೂಪಿಸಿದ್ದ, ಮಸೂರಗಳು ತಿರುಗುವ ಒಂದು ಕ್ಯಾಮರಾ ಬಳಸಿ 1930ರ ದಶಕದಲ್ಲಿ ತೆಗೆದ ಚಿತ್ರಗಳಲ್ಲಿ ಕಂಡದ್ದೇನೆಂದರೆ, ಸಿಡಿಲು ಒಂದೇ ಏಟಿಗೆ ಬೀಳುವುದಿಲ್ಲ. ಮಸುಕಾದ ಒಂದು ಎಳೆ ಐವತ್ತು ಮೀಟರಿನಷ್ಟು ಇಳಿಯುತ್ತದೆ, ಕ್ಷಣಾಂಶ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಮೆಟ್ಟಿಲು ಇಳಿದಂತೆ. ನೆಲದ ಹತ್ತಿರ ಬಂದಾಗ ಎತ್ತರವಾಗಿರುವ ವಸ್ತುವಿನಿಂದ ಇನ್ನೊಂದು ಎಳೆ ಮೇಲೇಳುತ್ತದೆ. ಎರಡೂ ಕೂಡಿದಾಗ ದಾರಿ ತೆರೆದು ಸುಮಾರು 30 ಸಾವಿರ ಆಂಪಿಯರ್ ವಿದ್ಯುತ್ತು ಹರಿಯುತ್ತದೆ. ಆ ದಾರಿಯ ಗಾಳಿ ಸುಮಾರು 30 ಸಾವಿರ ಡಿಗ್ರಿ ಕಾಯುತ್ತದೆ. ಅದು ಸ್ಫೋಟಿಸಿ ಹಿಗ್ಗುವ ಸದ್ದೇ ಗುಡುಗು. ಎಳೆ ಮೇಲೇಳುವುದು ಎತ್ತರದ ವಸ್ತುವಿನಿಂದ ಎಂದೆನಲ್ಲ, ಬಯಲಿನಲ್ಲಿ ಒಂಟಿಯಾಗಿ ನಿಂತ ತೆಂಗು, ಆಲ, ಹುಣಸೆ, ಬೇವು ಇವೇ ಆ ವಸ್ತುಗಳು. ಮರವಿಲ್ಲದ ಬಯಲಲ್ಲಿ ನಿಂತ ಮನುಷ್ಯನೇ ಆ ವಸ್ತು.

ಈಗ ಆ ಮುನ್ನೂರು ಹಿಮಸಾರಂಗಗಳ ಪ್ರಶ್ನೆಗೆ ಬರೋಣ. ಸಿಡಿಲು ಮರಕ್ಕೋ ನೆಲಕ್ಕೋ ಬಡಿದ ಮೇಲೆ ಅದರ ವಿದ್ಯುತ್ತು ಅಲ್ಲೇ ಮಾಯವಾಗುವುದಿಲ್ಲ. ಕೆರೆಗೆ ಕಲ್ಲೆಸೆದಾಗ ಅಲೆ ಸುತ್ತಲೂ ಹರಡುವಂತೆ ನೆಲದಲ್ಲಿ ಸುತ್ತಲೂ ಹರಡುತ್ತದೆ. ಮರದ ಬುಡದ ಬಳಿ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ. ಒಂದು ಕಾಲು ಬುಡದ ಕಡೆಗೆ, ಇನ್ನೊಂದು ಕಾಲು ದೂರಕ್ಕೆ ಇದ್ದರೆ ಎರಡು ಕಾಲುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಂಟಾಗಿ ವಿದ್ಯುತ್ತು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ಸಾಧಾರಣ ತೇವದ ಮಣ್ಣು, 30 ಸಾವಿರ ಆಂಪಿಯರಿನ ಸಿಡಿಲು ಎಂದು ಹಿಡಿದು ಅಂದಾಜು ಲೆಕ್ಕ ಹಾಕಿದರೆ, ಮರದಿಂದ 10 ಮೀಟರ್ ದೂರದಲ್ಲಿ ಮರಕ್ಕೆ ಮುಖ ಮಾಡಿ ನಿಂತ ಹಸುವಿನ ಮುಂಗಾಲು ಹಿಂಗಾಲುಗಳ ನಡುವೆ ಸುಮಾರು 6 ಸಾವಿರ ವೋಲ್ಟ್ ವ್ಯತ್ಯಾಸ ಬರುತ್ತದೆ. ಅಲ್ಲೇ ಪಾದಗಳ ನಡುವೆ ನಾಲ್ಕು ಬೆರಳು ಅಂತರವಿಟ್ಟು ನಿಂತ ಮನುಷ್ಯನಿಗೆ 500 ವೋಲ್ಟಿಗೂ ಕಡಿಮೆ. ಹಸುವಿನ ಕಾಲುಗಳ ಅಂತರ ಒಂದೂವರೆ ಮೀಟರ್ ಇರುವುದೇ ಅದಕ್ಕೆ ಶಾಪ. ಇಷ್ಟೇ ಅಲ್ಲ. ಮನುಷ್ಯನಲ್ಲಿ ಆ ವಿದ್ಯುತ್ತು ಒಂದು ಕಾಲಿನಿಂದ ಏರಿ ಸೊಂಟದ ಕೆಳಗೇ ಇನ್ನೊಂದು ಕಾಲಿಗೆ ಇಳಿದುಹೋಗುತ್ತದೆ. ಹಸುವಿನಲ್ಲಿ ಮುಂಗಾಲಿಗೂ ಹಿಂಗಾಲಿಗೂ ನಡುವಿನ ದಾರಿಯಲ್ಲಿ ಹೃದಯವೇ ಇದೆ. ದನ ಕಾಯುವ ಹುಡುಗ ಬದುಕಿ ಉಳಿದು ದನ ಮಾತ್ರ ಸತ್ತಾಗ ಊರಲ್ಲಿ ಏನೇನೋ ಕಥೆ ಹುಟ್ಟುತ್ತವೆ. ಕಾರಣ ಬಹುಮಟ್ಟಿಗೆ ಇದು. ಅದೇ ಹಸು 30 ಮೀಟರ್ ದೂರದಲ್ಲಿದ್ದರೆ ಆ 6 ಸಾವಿರ ವೋಲ್ಟ್ ಇಳಿದು ಸುಮಾರು 750 ಆಗುತ್ತದೆ. ದೂರ ಮೂರು ಪಟ್ಟಾದರೆ ಅಪಾಯ ಎಂಟು ಪಟ್ಟು ಇಳಿಯಿತು ಎಂದಾಯಿತು. ಈ ಲೆಕ್ಕವನ್ನು ತಾವು ಮರೆಯಬಾರದು.

ಮರದ ಕಾಂಡಕ್ಕೆ ಒರಗಿ ನಿಂತ ರಾಸಿಗೆ ಮರದಿಂದ ಪಕ್ಕಕ್ಕೆ ಹಾರುವ ಕಿಡಿಯ ಅಪಾಯವೂ ಇದೆ. ತಂತಿ ಬೇಲಿಗೆ ಸಿಡಿಲು ಬಡಿದರೆ ಬೇಲಿಯುದ್ದಕ್ಕೂ ಓಡಿ ದೂರದಲ್ಲಿ ಬೇಲಿಗೆ ತಾಗಿ ನಿಂತ ದನಗಳನ್ನು ಸಾಲಾಗಿ ಕೆಡವುತ್ತದೆ. ಕರೆಂಟಿನ ತಂತಿಯ ಮೂಲಕ ಕೊಟ್ಟಿಗೆಯೊಳಗೂ ಬರುತ್ತದೆ.

ಮುನ್ಸೂಚನೆ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಹಳೆಯ ರೇಡಿಯೋದಲ್ಲಿ ಆಕಾಶವಾಣಿ ಕೇಳುವಾಗ ಮಿಂಚಿದರೆ ಕರಕರ ಸದ್ದು ಬರುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಪ್ರತಿ ಮಿಂಚೂ ರೇಡಿಯೋ ಅಲೆ ಹೊರಡಿಸುತ್ತದೆ. ಈ ಕರಕರದಿಂದ ಗುಡುಗುಮಳೆ ಎಲ್ಲಿದೆ ಎಂದು ಪತ್ತೆ ಮಾಡಲು 1915ರಿಂದ ಬ್ರಿಟನ್ನಿನ ಹವಾಮಾನ ಇಲಾಖೆಯಲ್ಲಿ ದುಡಿದ ವಾಟ್ಸನ್ ವಾಟ್ ಎಂಬುವರೇ ಮುಂದೆ 1935ರಲ್ಲಿ ವಿಮಾನ ಪತ್ತೆ ಮಾಡುವ ರಾಡಾರ್ ಕೆಲಸಕ್ಕೆ ನಾಂದಿ ಹಾಡಿದರು. ಇಂದು ಅದೇ ರಾಡಾರ್ ಮೋಡಗಳನ್ನು ನೋಡುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆ ಎಂಬತ್ತಕ್ಕೂ ಹೆಚ್ಚು ಗ್ರಾಹಕ ಯಂತ್ರಗಳನ್ನು ಇಟ್ಟಿದ್ದಾರೆ. ಒಂದೇ ಮಿಂಚಿನ ಅಲೆ ಯಾವ ಯಂತ್ರಕ್ಕೆ ಎಷ್ಟು ಮೊದಲು ತಲುಪಿತು ಎಂಬ ಲೆಕ್ಕದಿಂದ ಮಿಂಚಿದ ಜಾಗ ತಿಳಿಯುತ್ತದೆ. ಆ ಮಾಹಿತಿಯನ್ನು 'ದಾಮಿನಿ' ಎಂಬ ಆ್ಯಪ್ ಮೂಲಕ ಮೊಬೈಲಿಗೆ ಕೊಡುತ್ತಾರೆ. ನಾವಿರುವ ಸ್ಥಳದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲಿದ್ದರೆ ಅದು ತೋರಿಸುತ್ತದೆ. ಸಂಘದ ಕಾರ್ಯದರ್ಶಿಗಳು ತಮ್ಮ ಮೊಬೈಲಿನಲ್ಲಿ ಇದನ್ನು ಹಾಕಿಸಿಕೊಂಡು, ಸಂಜೆಯ ಹಾಲಿಗೆ ಮುಂಚೆ ಒಮ್ಮೆ ನೋಡಿ ಸದಸ್ಯರಿಗೆ ತಿಳಿಸುವ ಪದ್ಧತಿ ಮಾಡಿದರೆ ಖರ್ಚಿಲ್ಲದ ಸೇವೆಯಾಗುತ್ತದೆ. ಹಾಲು ಹತ್ತು ನಿಮಿಷ ತಡವಾಗಿ ತಂದವರನ್ನು ಅಂತಹ ದಿನ ಗದರಬಾರದು ಎಂಬ ವಿನಂತಿಯೂ ಇದೆ.

ಮೊಬೈಲ್ ಇಲ್ಲದಿದ್ದರೆ ಬಾಯಿಲೆಕ್ಕ ಇದೆ. ಮಿಂಚು ಕಂಡ ಕೂಡಲೆ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು ಬೇಕು. ಮೂವತ್ತರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಹೊಲದಲ್ಲೇ ಬೀಳಬಹುದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೂ ಹೊರಗೆ ಬರಬೇಡಿ. ಮೈಕೂದಲು ನಿಮಿರಿ ನಿಂತರಂತೂ ಕೂಡಲೇ ಆ ಜಾಗ ಬಿಟ್ಟು ಒಳಗೆ ಓಡಬೇಕು. ಆಗಲೇ ಹೇಳಿದ ವಿಲ್ಸನ್ ಅವರಿಗೆ 1895ರಲ್ಲಿ ಸ್ಕಾಟ್ಲೆಂಡಿನ ಒಂದು ಬೆಟ್ಟದ ತುದಿಯಲ್ಲಿ ಹೀಗೇ ಆಯಿತು. ಅವರು ಇಳಿದು ಓಡಿ ಉಳಿದುಕೊಂಡರು. ಆ ಅನುಭವವೇ ಅವರನ್ನು ಸಿಡಿಲಿನ ಅಧ್ಯಯನಕ್ಕೆ ಎಳೆಯಿತು.

ಮಾಡಬೇಕಾದ್ದು ಕಷ್ಟದ್ದಲ್ಲ. ಬೇಸಿಗೆಯ ನೆರಳಿಗೆಂದು ಒಂಟಿ ಮರಕ್ಕೆ ಹಸು ಕಟ್ಟುವವರು ಮೋಡ ಕಟ್ಟಿದ ಕೂಡಲೆ ಬಿಚ್ಚಿ ಕೊಟ್ಟಿಗೆಗೆ ತರಬೇಕು. ಮಳೆ ಶುರುವಾದ ಮೇಲೆ ಹೋಗುವುದು ತಡವಾಯಿತು, ಏಕೆಂದರೆ ಮಳೆಗೆ ಮುಂಚಿತವಾಗಿಯೂ ಸಿಡಿಲು ಬೀಳುತ್ತದೆ. ಮೇಯುತ್ತಿರುವ ದನಗಳನ್ನು ತರಲು ಸಮಯವಿಲ್ಲದಿದ್ದರೆ ಮರ, ಬೇಲಿ, ಕೆರೆ ದಂಡೆ, ದಿಬ್ಬ ಬಿಟ್ಟು ತಗ್ಗಿಗೆ ಅಟ್ಟಿ ಚದುರಿಸಿ ಬಿಡಿ, ನೀವು ಮಾತ್ರ ಗಟ್ಟಿ ಕಟ್ಟಡದೊಳಗೆ ಹೋಗಿ. ಹಸುವಿನ ಆಸೆಗೆ ಮನುಷ್ಯ ಪ್ರಾಣ ಕೊಡಬಾರದು. 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಬಿಹಾರದಲ್ಲಿ 2020ರ ಜೂನ್ 25ರ ಒಂದೇ ದಿನ 80ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೊಲದಲ್ಲಿ ದುಡಿಯುತ್ತಿದ್ದವರು ಬಹಳ.

ಹೊಸದಾಗಿ ಕೊಟ್ಟಿಗೆ ಕಟ್ಟುವವರು ಎತ್ತರದ ತೆಂಗಿನ ಮರದ ಬುಡದಲ್ಲಿ ಕಟ್ಟಬೇಡಿ. ತಗಡಿನ ಸೂರಿಗೆ, ಕಬ್ಬಿಣದ ಕಂಬಗಳಿಗೆ ಬಲ್ಲ ಎಲೆಕ್ಟ್ರಿಷಿಯನ್ ಕೈಯಿಂದ ಸರಿಯಾದ ಅರ್ಥಿಂಗ್ ಹಾಕಿಸಿ. ಕಬ್ಬಿಣದ ಗೂಟಕ್ಕೆ ಸರಪಳಿಯಿಂದ ಕಟ್ಟುವುದಕ್ಕಿಂತ ಹಗ್ಗದ ಕಣ್ಣಿ ಮೇಲು. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇದ್ದವರು ಗುಡುಗಿನ ಸಮಯದಲ್ಲಿ ಬಳಸದೆ ಪ್ಲಗ್ ಕಿತ್ತಿಡಿ. ಕ್ಯಾನು ಲೋಹದ್ದಾದ್ದರಿಂದ ಸಿಡಿಲನ್ನು ಎಳೆಯುತ್ತದೆ ಎಂಬ ಭಯ ಬೇಡ, ಅದು ತಪ್ಪು ತಿಳಿವಳಿಕೆ. ಅಪಾಯ ಇರುವುದು ಕ್ಯಾನಿನಲ್ಲಲ್ಲ, ಬಯಲು ದಾರಿಯಲ್ಲಿ ಸೈಕಲ್ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ಹೋಗುವುದರಲ್ಲಿ. ರಬ್ಬರ್ ಚಪ್ಪಲಿ ಕಾಪಾಡುತ್ತದೆ ಎಂಬುದೂ ಸುಳ್ಳು. ಐದು ಕಿಲೋಮೀಟರ್ ಗಾಳಿಯನ್ನು ಸೀಳಿ ಬಂದದ್ದಕ್ಕೆ ಅರ್ಧ ಅಂಗುಲ ರಬ್ಬರ್ ಯಾವ ಲೆಕ್ಕ?

ಸಿಡಿಲು ಬಡಿದ ಮನುಷ್ಯನನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಒತ್ತುತ್ತಾ ಆಸ್ಪತ್ರೆಗೆ ಸಾಗಿಸಿ. ಹೀಗೆ ಬದುಕಿದವರು ಬಹಳ ಜನ ಇದ್ದಾರೆ. ಬದುಕುಳಿದ ರಾಸು ಮಂಕಾಗಿರಬಹುದು, ಹಿಂಗಾಲು ಸೋತು ಮಲಗಬಹುದು, ಕೆಲವಕ್ಕೆ ದೃಷ್ಟಿ ಮಂದವಾಗಬಹುದು, ಗಬ್ಬದ ಹಸು ಕಂದು ಹಾಕಬಹುದು. ಗಾಬರಿಯಲ್ಲಿ ಬಾಯಿಗೆ ನೀರು, ಎಣ್ಣೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅಪಾಯವಾದೀತು. ನೆರಳಿನಲ್ಲಿ ಹುಲ್ಲುಹಾಸಿನ ಮೇಲೆ ಮಲಗಿಸಿ ವೈದ್ಯರನ್ನು ಕರೆಯಿರಿ.

ಸತ್ತ ರಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಯಲ್ಲಿ ಮೇವು ಹಾಗೇ ಇರುವುದು, ಮೈಮೇಲೆ ಗೆರೆಯಂತೆ ಕೂದಲು ಸುಟ್ಟಿರುವುದು, ಹತ್ತಿರದ ಮರದ ತೊಗಟೆ ಸೀಳಿರುವುದು, ಹಲವು ದನ ಒಟ್ಟಿಗೆ ಬಿದ್ದಿರುವುದು ಇವು ಸಿಡಿಲಿನ ಲಕ್ಷಣಗಳು. ಆದರೆ ಬೇಗ ಹೊಟ್ಟೆ ಉಬ್ಬುವುದು, ಮೂಗು ಗುದದ್ವಾರಗಳಲ್ಲಿ ರಕ್ತ ಕಾಣುವುದು ನೆರಡಿ ರೋಗದಲ್ಲೂ, ಅಂದರೆ ಅಂತ್ರಾಕ್ಸ್‌ನಲ್ಲೂ ಉಂಟು. ಅದು ಮನುಷ್ಯರಿಗೂ ಅಂಟುವ ರೋಗ. ಮಳೆ ಬಂದ ದಿನ ಸತ್ತಿತೆಂದ ಮಾತ್ರಕ್ಕೆ ಸಿಡಿಲೇ ಎಂದು ನೀವೇ ತೀರ್ಮಾನಿಸಿ ಚರ್ಮ ಸುಲಿಯುವುದು, ಕೊಯ್ಯುವುದು ಮಾಡಬೇಡಿ. ಪಶುವೈದ್ಯರು ಮೊದಲು ಕಿವಿಯ ರಕ್ತದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನಂತರವೇ ಕಳೇಬರ ತೆರೆಯುತ್ತಾರೆ.

ವೈದ್ಯರು ಬರುವವರೆಗೆ ಕಳೇಬರವನ್ನು ಬಿದ್ದ ಜಾಗದಿಂದ ಎಳೆಯಬೇಡಿ. ಕಿವಿಯೋಲೆಯ ನಂಬರು, ಸುತ್ತಲ ಮರ, ಬೇಲಿ ಕಾಣುವಂತೆ ಫೋಟೋ ತೆಗೆದಿಡಿ. ಗ್ರಾಮ ಆಡಳಿತಾಧಿಕಾರಿಗಳಿಗೆ ಅದೇ ದಿನ ತಿಳಿಸಿ ಮಹಜರು ಮಾಡಿಸಿ, ವಿಮೆ ಇದ್ದರೆ ಸಂಘದ ಮೂಲಕ ಕೂಡಲೇ ವರದಿ ಕೊಡಿ. ಸರ್ಕಾರದ ಪರಿಹಾರಕ್ಕೂ ವಿಮೆಗೂ ಮರಣೋತ್ತರ ಪರೀಕ್ಷೆಯ ಪತ್ರವೇ ಮುಖ್ಯ ಆಧಾರ. ಕಿವಿಯೋಲೆ ಬಿದ್ದುಹೋಗಿರುವ ರಾಸುಗಳಿದ್ದರೆ ಅಶ್ವಿನಿ ಮಳೆಗೆ ಮುಂಚೆಯೇ ಹಾಕಿಸಿಕೊಳ್ಳಿ, ಇಂದು ನಮ್ಮ ಸಿಬ್ಬಂದಿ ಶಿಬಿರದ ಹೊರಗಿನ ಮೇಜಿನ ಬಳಿ ಹೆಸರು ಬರೆದುಕೊಳ್ಳುತ್ತಾರೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.